ಭಂಡಾರ ಮುಟ್ಟಿದ ಕೈ

ಸಭೆಯ ಅಧ್ಯಕ್ಷರೂ, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವರಾದರೂ ನನ್ನನ್ನು ಬೈಯುವ ಹಕ್ಕು ಉಳ್ಳವರೂ ಆದ ನಿವೃತ್ತ ಹೆಡ್‌ಮಾಸ್ತರ್ ಅಮರನಾಥ ಸರ್ ಅವರೇ, ಈ ಪುಸ್ತಕವನ್ನು ಮಕ್ಕಳ ಕೈಯಿಂದಲೇ ಮಾಡಿಸಿದ ಪೂರ್ಣಿಮಾ ಟೀಚರ್ ಅವರೇ, ಮೊಣಕಾಲು ನೋವನ್ನು ಲೆಕ್ಕಿಸದೆ ತಾಂಡೂರಿನಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಲಾಲಬಿ ಅಕ್ಕನವರೇ, ನಾರಾಯಣಖೇಡ ಕಡೆಯ ನಮ್ಮ ಹಟ್ಟಿಯಿಂದ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಕೊನೆಯ ಸಾಲು ಹಿಡಿದಿರುವ ನನ್ನ ಅಣ್ಣತಮ್ಮಂದಿರೇ, ಹತ್ತನೆಯ ತರಗತಿಯ ಮಕ್ಕಳೇ, ಜಹೀರಾಬಾದಿನ ಸಭಿಕರೇ, ಎಲ್ಲರಿಗೂ ಈಶಪ್ಪನ ಶರಣು.

ನಿರೂಪಣೆ ಮಾಡಿದವರು ನನ್ನನ್ನು ಕಥೆಗಳ ಗಣಿ ಎಂದು ಕರೆದರು. ಗಣಿಯಿಂದ ಕಲ್ಲೂ ಬರುತ್ತದೆ, ಧೂಳೂ ಬರುತ್ತದೆ. ತಾಂಡೂರಿನ ಕಲ್ಲುಗಣಿ ನೋಡಿದವರಿಗೆ ಇದು ಗೊತ್ತು. ಇಂದು ನನ್ನ ಧೂಳಿನ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ಹತ್ತು ನಿಮಿಷ ಎಂದಿದ್ದಾರೆ. ಅಮರನಾಥ ಸರ್ ಕೈಗಡಿಯಾರ ನೋಡಿಕೊಳ್ಳಬಾರದು ಎಂದು ವಿನಂತಿ.

ಈ ಪುಸ್ತಕ ಹೇಗೆ ಹುಟ್ಟಿತು ಎಂಬುದು ನಿಮಗೆ ತಿಳಿದೇ ಇದೆ. ಪೂರ್ಣಿಮಾ ಟೀಚರ್ ತರಗತಿಯಲ್ಲಿ ಜರ್ಮನಿಯ ಪಾಠ ಮಾಡುತ್ತಿದ್ದರು. ಯಹೂದಿ ಜನರನ್ನು, ಮುದುಕರು ಮಕ್ಕಳೆನ್ನದೆ ಲಕ್ಷಗಟ್ಟಲೆ ಕೊಂದದ್ದು. ಅಂಥ ಕಾಲದಲ್ಲೂ ಕೆಲವರು ತಮ್ಮ ಅಟ್ಟದಲ್ಲಿ, ದನದ ಕೊಟ್ಟಿಗೆಯಲ್ಲಿ ಅವರನ್ನು ಬಚ್ಚಿಟ್ಟದ್ದು. ಬದುಕಿ ಉಳಿದವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿರುವುದರಿಂದ ಅವರ ಮಾತನ್ನು ಮಕ್ಕಳಿಗಾಗಿ ಹಿಡಿದಿಡುತ್ತಿರುವುದು. ಇದನ್ನೆಲ್ಲ ಕೇಳಿ ಸ್ವಾತಿ ಎಂಬ ಹುಡುಗಿ ಎದ್ದು ನಿಂತು ಕೇಳಿದಳಂತೆ: "ಟೀಚರ್, ನಮ್ಮ ಕಡಿನೂ ಇಂಥವರು ಇದ್ದಾರೇನ್ರಿ? ಇದ್ರ, ಅವರು ಸಾಯೂದರೊಳಗ ಕೇಳೂಣಲ್ಲ?"

ಅಷ್ಟೇ. ಆ ಒಂದು ಪ್ರಶ್ನೆಯಿಂದ ಮಕ್ಕಳು ಊರೂರು ತಿರುಗಿದರು. ನಲವತ್ತೆಂಟನೆಯ ಇಸವಿಯನ್ನು ಕಂಡ ಕಣ್ಣುಗಳನ್ನು ಹುಡುಕಿದರು. ಆ ವರ್ಷ ನಮ್ಮ ಕಡೆ ಮೊದಲು ರಜಾಕಾರರ ಹಾವಳಿ, ಹಿಂದೂಗಳ ಮನೆಗಳು ಸುಟ್ಟವು. ಆಮೇಲೆ ದಿಲ್ಲಿಯ ಫೌಜು ಬಂತು. ನಿಜಾಮರ ರಾಜ್ಯ ಮುಗಿಯಿತು, ಸೇಡು ಶುರುವಾಯಿತು. ಯಾರ ಮನೆಯನ್ನೂ ಸುಡದ ಬಡ ಮುಸಲ್ಮಾನರು ಆ ಸೇಡಿಗೆ ಸಿಕ್ಕರು. ಎರಡೂ ಹೊತ್ತಿನಲ್ಲಿ ಸತ್ತವರಿದ್ದಾರೆ, ಎರಡೂ ಹೊತ್ತಿನಲ್ಲಿ ಕಾಪಾಡಿದವರಿದ್ದಾರೆ. ಎಪ್ಪತ್ತು ವರ್ಷ ನಾವು ಅದನ್ನು ಒಲೆಯ ಮುಂದೆ ಮಾತ್ರ ಆಡಿಕೊಂಡೆವು. ಮಕ್ಕಳು ಅದನ್ನು ಅಂಗಳಕ್ಕೆ ತಂದರು.

ಆ ಪುಸ್ತಕದ ಮೂವತ್ತೊಂದನೆಯ ಪುಟದಲ್ಲಿ ನನ್ನ ಕಥೆ ಇದೆ. ನಮ್ಮ ಮುತ್ಯಾ, ಅಂದರೆ ನನ್ನ ತಂದೆಯ ತಂದೆ, ಕಿಷ್ಟಪ್ಪನ ಕಥೆ. ನಮ್ಮದು ಕುರಿ ಸಾಕುವ ಮನೆತನ. ಪಿಂಜಾರ ಚಾಂದಸಾಬ ವರ್ಷಕ್ಕೆರಡು ಸಲ ಬಂದು ನಮ್ಮ ಉಣ್ಣೆ ಹಿಂಜಿಕೊಡುತ್ತಿದ್ದ. ರಜಾಕಾರರು ಬರುವ ಸುದ್ದಿಯನ್ನು ಮೊದಲು ತಂದು, ಕುರಿ ಹೊಡೆದುಕೊಂಡು ಅಡವಿ ಸೇರಿಕೊಳ್ಳಿ ಎಂದು ನಮ್ಮ ಹಟ್ಟಿಯನ್ನು ಉಳಿಸಿದವನೂ ಅವನೇ. ಫೌಜು ಬಂದ ಮೇಲೆ ಅವನು ಪರವೂರಿಗೆ ಹಿಂಜಲು ಹೋದವನು ಹಿಂದಿರುಗಲಿಲ್ಲ. ಅವನ ಹೆಂಡತಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು, ಎಂಟು ವರ್ಷದ ಮಗಳ ಕೈ ಹಿಡಿದುಕೊಂಡು ನಮ್ಮ ಹಟ್ಟಿಗೆ ಓಡಿ ಬಂದಳು. ಮೂವರನ್ನೂ ಕುರಿದೊಡ್ಡಿಯ ಮೂಲೆಯಲ್ಲಿ ಉಣ್ಣೆಯ ರಾಶಿಯೊಳಗೆ ಮುಚ್ಚಿಟ್ಟರು. ಆ ಎಂಟು ವರ್ಷದ ಮಗಳೇ ಈ ಲಾಲಬಿ ಅಕ್ಕ.

ಕೊಡಲಿ ಹಿಡಿದ ಮಂದಿ ಬಂದಿತು. ಮುತ್ಯಾ ದೊಡ್ಡಿಯ ಬಾಗಿಲಲ್ಲಿ ಕೋಲು ಊರಿ ನಿಂತು, "ಮೊದಲು ನನ್ನ ದಾಟ್ರಿ, ಆಮ್ಯಾಲ ದೊಡ್ಡಿ ದಾಟ್ರಿ" ಎಂದು ಗುಡುಗಿದ. ಮಂದಿ ಹಿಂದೆ ಸರಿಯಿತು.

ಈ ಕಥೆಯನ್ನು ಮೂವತ್ತು ವರ್ಷ ಹೇಳಿದ್ದೇನೆ. ಮೊದಮೊದಲು ಬಂದ ಮಂದಿ ಹದಿನೈದು ಜನ. ತಾಂಡೂರಿನಲ್ಲಿ ಹೇಳುವಾಗ ಐವತ್ತಾದರು. ನಾರಾಯಣಖೇಡದಲ್ಲಿ ಅವರಿಗೆ ಕುದುರೆಗಳೂ ಬಂದವು. "ಖರೇನೇ ಕುದುರಿ ಬಂದಿದ್ದವೇನ್ರಿ?" ಎಂದು ಪೂರ್ಣಿಮಾ ಟೀಚರ್ ಕೇಳಿದಾಗ, "ನಾರಾಯಣಖೇಡಕ್ಕ ಅಷ್ಟೇ ಬಂದಿದ್ದವ್ರಿ" ಎಂದೆ. ಪುಸ್ತಕದಿಂದ ಅವರು ಕುದುರೆಗಳನ್ನು ಓಡಿಸಿದ್ದಾರೆ. ಅವರಿಗೆ ಋಣಿ.

ಒಮ್ಮೆ ಪಸ್ತಾಪುರದ ಹೆಣ್ಣುಮಕ್ಕಳ ಸಂಘದಲ್ಲಿ ಇದೇ ಕಥೆ ಹೇಳಿದೆ. ನವಣೆ, ಸಜ್ಜೆ ಬೆಳೆಯುವ ಹೆಂಗಸರು. ಕಾಳು ಆರಿಸಿದ ಹಾಗೆ ಮಾತು ಆರಿಸುತ್ತಾರೆ. ಬಸವೇಶ್ವರಿ ಎಂಬಾಕೆ ಎದ್ದು ಕೇಳಿದಳು: "ಕಥಿ ಛಂದದ ಈಶಪ್ಪ ಮುತ್ಯಾ. ಮತ್ತ ಆವಾಗ ಕಿಷ್ಟಪ್ಪನ ಹೆಂಡ್ತಿ, ನಿಮ್ಮ ಆಯಿ, ಏನ್ ಮಾಡಾಕತ್ತಿದ್ಲು? ರೊಟ್ಟಿ ಬಡಿಯಾಕತ್ತಿದ್ಲೇನು?" ಎಲ್ಲರೂ ನಕ್ಕರು. "ಹೌದವ್ವಾ, ರೊಟ್ಟೀನೇ ಬಡಿಯಾಕತ್ತಿದ್ಲು" ಎಂದು ನಾನೂ ನಕ್ಕೆ.

ಸಭಿಕರೇ, ಆ ಕಥೆಯಲ್ಲಿ ನಾನು ಹೇಳಿದ ಒಂದೇ ನಿಜ ಅದು.

ಕೊನೆಯ ಸಾಲಿನವರು ಅಲುಗಾಡುವುದು ಕಾಣುತ್ತಿದೆ. ಕೂಡಿರಪ್ಪ. ಬಾಗಿಲು ಎಲ್ಲಿಗೂ ಹೋಗುವುದಿಲ್ಲ.

ಯಹೂದಿಗಳನ್ನು ಕಾಪಾಡಿದವರೆಂದು ಹೊರದೇಶದಲ್ಲಿ ಯಾರನ್ನಾದರೂ ಗೌರವಿಸುವ ಮುನ್ನ, ಉಳಿದುಕೊಂಡವರ ಸಾಕ್ಷಿ ಕೇಳುತ್ತಾರಂತೆ. ಇದನ್ನು ಹೇಳಿದವರು ಟೀಚರ್. ಅದೇ ನಿಯಮ ಹಿಡಿದು ಸ್ವಾತಿಯನ್ನು ತಾಂಡೂರಿಗೆ, ಲಾಲಬಿ ಅಕ್ಕನ ಹತ್ತಿರ ಕಳಿಸಿದರು. ಹಿಂದಿರುಗಿದವಳೇ ಸ್ವಾತಿ ನಮ್ಮ ಮನೆಗೆ ಬಂದು ಮೊಬೈಲಿನಲ್ಲಿ ಅಕ್ಕನ ಮಾತು ಕೇಳಿಸಿದಳು. ಮೊದಲರ್ಧ ನನ್ನ ಹೊಗಳಿಕೆ: "ಈಶಪ್ಪ ಛಂದ ಹೇಳ್ತಾನ ಬೇಟಿ. ಅವ ಹೇಳಿದ್ದೇ ಬರಕೋ." ಆಮೇಲೆ ಚಹಾದ ಬಸಿ ಇಟ್ಟ ಸದ್ದು. ಆಮೇಲೆ ಒಂದು ಮಾತು: "ಆದ್ರ ಬಾಗಿಲದಾಗ ಒದರಿದ ದನಿ ಗಂಡಸಿಂದಲ್ಲ. ಹೆಂಗಸಿಂದಿತ್ತು."

"ಹಂಗ್ಯಾಕ ಅಂದ್ರು ಮುತ್ಯಾ?" ಎಂದು ಸ್ವಾತಿ ಕೇಳಿದಳು.

ನಾನು ಏನು ಹೇಳಿದೆ ಗೊತ್ತೇ? "ಅಕ್ಕಗ ಎಂಬತ್ತನಾಕು ತುಂಬ್ಯಾವ ತಂಗಿ. ಆವಾಗ ಎಂಟು ವರ್ಷದ ಕೂಸು, ಕಿವಿ ತುಂಬ ಉಣ್ಣಿ. ಏನ್ ಕೇಳಿಸಿರ್ತದ? ಮರತಾಳ." ಅಂದೆ. ಹುಡುಗಿ ನನ್ನ ಮುಖ ನೋಡಿದಳು. ಹಿರಿಯರ ಮಾತು, ನಂಬಿದಳು. ಆ ಸಾಲನ್ನು ಪುಸ್ತಕದಿಂದ ತೆಗೆದರು.

ಅಕ್ಕ ಏನನ್ನೂ ಮರೆತಿರಲಿಲ್ಲ. ಮರೆತವಳು ಅವಳೆಂದು ಒಂದು ಮಗುವಿಗೆ ಸುಳ್ಳು ಹೇಳಿದವನು ನಾನು.

ಆ ದಿನ ಹಟ್ಟಿಗೆ ಬಂದ ಮಂದಿ ಹದಿನೈದೇ ಜನ. ಅವರು ಜಗಳಕ್ಕೆ ನಿಲ್ಲಲಿಲ್ಲ. ನಮ್ಮವರನ್ನು ಚೆನ್ನಾಗಿ ಬಲ್ಲವರಾದ್ದರಿಂದ ಒಂದೇ ಮಾತು ಕೇಳಿದರು: "ಕಿಷ್ಟಪ್ಪ, ಭಂಡಾರ ಮುಟ್ಟಿ ಹೇಳು, ಒಳಗ ಯಾರೂ ಇಲ್ಲಂತ. ನಾವು ಹೊಂಟು ಹೋಗ್ತೀವಿ." ಪಟ್ಟಣದ ಮಕ್ಕಳಿಗೆ ತಿಳಿಯಲಿ ಎಂದು ಹೇಳುತ್ತೇನೆ. ಭಂಡಾರವೆಂದರೆ ನಮ್ಮ ಬೀರಪ್ಪ ದೇವರ ಅರಿಶಿನದ ಪುಡಿ. ಹಟ್ಟಿಯ ಭಂಡಾರವನ್ನು ಪೂಜಾರಿ ಮನೆತನದ ಗಂಡಸರು ಮಾತ್ರ ಮುಟ್ಟಬೇಕು. ಅದನ್ನು ಮುಟ್ಟಿ ಸುಳ್ಳು ಆಡಿದರೆ ಕುರಿ ಸಾಯುತ್ತವೆ, ವಂಶ ಅಳಿಯುತ್ತದೆ. ಇದು ನಮ್ಮ ನಂಬಿಕೆ. ನನ್ನ ಮುತ್ಯಾ ಆ ಪೂಜಾರಿ.

ಮುತ್ಯಾ ಭಂಡಾರದ ಚೀಲಕ್ಕೆ ಕೈ ಚಾಚಿದ. ಕೈ ಅರ್ಧಕ್ಕೆ ನಿಂತಿತು.

ಅವನು ಹೇಡಿಯಲ್ಲ. ತೋಳದ ಬಾಯಿಂದ ಮರಿ ಕಿತ್ತುಕೊಂಡವನು, ಕೈಮೇಲೆ ಹಲ್ಲಿನ ಗುರುತಿತ್ತು. ಕೊಡಲಿಗೆ ಎದೆಯೊಡ್ಡಬಲ್ಲವನಿಗೆ ದೇವರಿಗೆ ಸುಳ್ಳು ಹೇಳಲು ಆಗಲಿಲ್ಲ. ನಿಂತ ಕೈಯನ್ನು ಹದಿನೈದು ಜನ ನೋಡುತ್ತಿದ್ದರು. ಇನ್ನೊಂದು ಉಸಿರು ತಡವಾಗಿದ್ದರೆ ಅವರಿಗೆ ಉತ್ತರ ಸಿಗುತ್ತಿತ್ತು.

ಅಷ್ಟರಲ್ಲಿ ಒಲೆಯ ಮುಂದಿನಿಂದ ನನ್ನ ಆಯಿ ಎದ್ದು ಬಂದಳು. ಅವಳ ಹೆಸರು ಬೀರಮ್ಮ. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಅದೇ ಕೈಯನ್ನು ಭಂಡಾರದ ಚೀಲಕ್ಕೆ ಹಾಕಿದಳು, ಹಿಡಿ ತುಂಬ ಎತ್ತಿ ತಲೆಯ ಮೇಲೆ ಸುರಿದುಕೊಂಡಳು, ಒದರಿದಳು: "ಬೀರಪ್ಪನ ಆಣಿ! ನನ್ನ ಕುರಿ ಬಿಟ್ರ ದೊಡ್ಡ್ಯಾಗ ಒಂದು ಜೀವ ಇಲ್ಲ! ಇದ್ರ ನನ್ನ ವಂಶ ಹಾಳಾಗಿ ಹೋಗ್ಲಿ! ಆತೇನು? ಹೋಗ್ರಿ, ನನ್ನ ರೊಟ್ಟಿ ಸುಡಾಕತ್ಯಾವ!"

ಮಂದಿ ಹೋಯಿತು. ಕುರುಬರ ಹೆಂಗಸು ಭಂಡಾರ ತಲೆಗೆ ಸುರಿದುಕೊಂಡು ಸುಳ್ಳು ಆಡಬಹುದೆಂದು ಅವರಿಗೆ ಕನಸಿನಲ್ಲೂ ಹೊಳೆಯಲಿಲ್ಲ.

ಆ ಚಳಿಗಾಲದಲ್ಲಿ ನಮ್ಮ ಹಟ್ಟಿಗೆ ಬೇನೆ ಬಂತು. ಅರ್ಧಕ್ಕರ್ಧ ಕುರಿ ಸತ್ತವು. ಕುಲದ ಹಿರಿಯರು ಕುಳಿತು ತೀರ್ಮಾನಿಸಿದರು: ಬೀರಮ್ಮ ಇನ್ನು ಗುಡಿಯ ಹೊಸ್ತಿಲು ತುಳಿಯಬಾರದು. ಸತ್ತ ಮೇಲೆ ಅವಳ ಹೆಸರನ್ನು ಕುಲದ ಹಾಡಿನಲ್ಲಿ ಎತ್ತಬಾರದು. ಮುತ್ಯಾ ಆ ಸಭೆಯಲ್ಲಿ ಕುಳಿತಿದ್ದ. ಒಂದು ಮಾತೂ ಆಡಲಿಲ್ಲ. ಲಾಲಬಿ ಅಕ್ಕನ ತಾಯಿಗೆ ಇದು ತಿಳಿಯಿತು. ತಮ್ಮನ್ನು ಉಳಿಸಿದ ಮನೆಗೆ ಇನ್ನಷ್ಟು ಅವಮಾನ ಆಗಬಾರದೆಂದು ಮಗಳ ಬಾಯಿ ಕಟ್ಟಿದಳು. ಅಕ್ಕ ಇಷ್ಟು ವರ್ಷ ನನ್ನ ಕಥೆ ಕೇಳಿ ಸುಮ್ಮನಿದ್ದದ್ದು ಅದಕ್ಕೆ.

ಆಯಿ ಇದನ್ನು ನನಗೆ ಹೇಳಿದಾಗ ನನಗೆ ಇಪ್ಪತ್ತು. ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಾ, ಸಂತೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ನಾನು ಕೇಳಿದೆ: "ಸುಳ್ಳು ಆಣಿ ಮಾಡಿದ್ರ ಬೀರಪ್ಪ ಸಿಟ್ಟಾಗ್ತಾನಂತ ನಿನಗ ಗೊತ್ತಿರಲಿಲ್ಲೇನಾ ಆಯಿ?"

"ಗೊತ್ತಿತ್ತಲ್ಲ. ಆದ ನೋಡು ಸಿಟ್ಟು. ಕುರಿ ಸತ್ತವು."

"ಮತ್ತ ಯಾಕ ಮಾಡಿದಿ?"

"ಕುರಿ ಮತ್ತ ಈಯ್ತಾವೋ ಹುಚ್ಚಾ. ಆ ಪಿಂಜಾರಗಿತ್ತಿ ಮಕ್ಕಳು ಮತ್ತ ಬರ್ತಾವೇನು?"

ಮಕ್ಕಳೇ, ಇದನ್ನು ಗಮನಿಸಿರಿ. ದೇವರು ಏನೂ ಮಾಡುವುದಿಲ್ಲ ಎಂಬ ಧೈರ್ಯದಿಂದ ಅವಳು ಆಣೆ ಮಾಡಲಿಲ್ಲ. ಶಿಕ್ಷೆ ಬಂದೇ ಬರುತ್ತದೆ ಎಂದು ಪೂರ್ತಿ ನಂಬಿದ್ದಳು. ನಂಬಿಕೊಂಡೇ ಕೈ ಹಾಕಿದಳು. ನನ್ನ ಕಥೆಯಲ್ಲಿ ಗುಡುಗುವ ಮುತ್ಯಾನಿಗೆ ಏನೂ ಖರ್ಚಾಗುವುದಿಲ್ಲ. ಅವನು ಗುಡುಗುತ್ತಾನೆ, ಮಂದಿ ಓಡುತ್ತದೆ, ನೀವು ಚಪ್ಪಾಳೆ ತಟ್ಟುತ್ತೀರಿ. ಅದನ್ನು ಕೇಳಿ ಬೆಳೆದ ಮಗು, ಗುಡುಗುವ ಗಂಟಲು ಇದ್ದವರು ಮಾತ್ರ ಯಾರನ್ನಾದರೂ ಕಾಪಾಡಬಲ್ಲರು ಎಂದು ತಿಳಿದೀತು. ಹಿಟ್ಟಿನ ಕೈ ಸಾಕು ಎಂಬುದನ್ನು ಮೂವತ್ತು ವರ್ಷ ನಾನು ಬಚ್ಚಿಟ್ಟೆ.

ಯಾಕೆ ಬಚ್ಚಿಟ್ಟೆ? ನಮ್ಮಲ್ಲಿ ವರ್ಷಕ್ಕೊಮ್ಮೆ ಬೀರಪ್ಪನ ಮುಂದೆ ಕುಲದಲ್ಲಿ ತೀರಿಹೋದ ಹಿರಿಯರ ಹೆಸರು ಹಾಡುವ ಪದ್ಧತಿ ಇದೆ. ಗಂಡನ ಹೆಸರು, ಅವನ ಹಿಂದೆ ಹೆಂಡತಿಯ ಹೆಸರು, ಸಾಲು ಸಾಲಾಗಿ. ಆ ಹಾಡು ಹೇಳುವ ಕೆಲಸ ನನ್ನದು. ನನ್ನ ಕಥೆಗಾರಿಕೆಯೆಲ್ಲ ಅಲ್ಲಿಂದಲೇ ಬಂದದ್ದು. ನಾನು ಹಾಡುವಾಗ ಆಯಿ ಗುಡಿಯ ಹೊರಗೆ ಬೇವಿನ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದಳು. ಎಪ್ಪತ್ತೆಂಟನೆಯ ಇಸವಿಯಲ್ಲಿ ತೀರಿಕೊಂಡಳು. ಮರುವರ್ಷ ಹಾಡುತ್ತಾ ಮುತ್ಯಾನ ಹೆಸರಿಗೆ ಬಂದೆ. ಮುಂದಿನದು ಅವಳ ಹೆಸರು. ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಹಿರಿಯ ಅಂಜಪ್ಪ ಕುಳಿತಿದ್ದರು, ಕಣ್ಣೆತ್ತಿ ಒಮ್ಮೆ ನೋಡಿದರು. ಅಷ್ಟೇ. ನಾನು ನುಂಗಿಕೊಂಡೆ, ನಮ್ಮ ಅಪ್ಪನ ಹೆಸರಿಗೆ ಹಾರಿದೆ.

ಅಂದಿನಿಂದ ಪ್ರತಿ ವರ್ಷ ಹಾರುತ್ತಿದ್ದೇನೆ. ಮೊದಲೆರಡು ವರ್ಷ ಹಾಡು ಮುಗಿಸಿ ಬೇವಿನ ಕಟ್ಟೆಯ ಕಡೆ ನೋಡುತ್ತಿದ್ದೆ. ಆಮೇಲೆ ಅದೂ ನಿಂತಿತು. ಗುಡಿಯಲ್ಲಿ ಹಾರಿದವನು ವೇದಿಕೆಯಲ್ಲಿ ಹೇಗೆ ಹೇಳಿಯಾನು? ಹೇಳಿದರೆ ಕುಲದವರು ಕೇಳುತ್ತಾರೆ, ಹಾಡು ನನ್ನಿಂದ ಹೋಗುತ್ತದೆ. ಆ ಹಾಡು ಬಿಟ್ಟರೆ ನಾನು ಯಾರು, ಬರಿ ಎಪ್ಪತ್ತೆರಡು ವರ್ಷದ ಬಾಯಿಬಡುಕ. ಅದಕ್ಕೆ ಆಣೆಯನ್ನೇ ಕಥೆಯಿಂದ ತೆಗೆದು, ಮುತ್ಯಾನ ಕೈಗೆ ಕೋಲು ಕೊಟ್ಟೆ.

ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ಲಾಲಬಿ ಅಕ್ಕ ನನ್ನ ಕೈ ಹಿಡಿದು, "ನಿನ್ನ ಕಥಿ ಕೇಳಾಕ ಬಂದೀನಿ ತಮ್ಮಾ, ಮುಂದಿನ ವರ್ಷ ಇರ್ತೀನೋ ಇಲ್ಲೋ" ಅಂದಳು. ಆ ಕೈಯಿಂದ ಬಿಡಿಸಿಕೊಂಡು ಬಂದು ಮತ್ತೆ ಅದೇ ಕೋಲಿನ ಕಥೆ ಹೇಳಲು ನನ್ನಿಂದ ಆಗಲಿಲ್ಲ. ಅವಳೂ ಹೋದ ಮೇಲೆ ಆ ದನಿ ಹೆಂಗಸಿನದೆಂದು ಹೇಳಲು ಭೂಮಿಯ ಮೇಲೆ ಯಾರು ಉಳಿಯುತ್ತಾರೆ? ಅಚ್ಚಾದ ಪುಸ್ತಕ ಉಳಿಯುತ್ತದೆ. ಅದರಲ್ಲಿ ನನ್ನ ಸುಳ್ಳು ಉಳಿಯುತ್ತದೆ.

ಸ್ವಾತಿ, ನೀನು ಸರಿಯಾಗಿ ಕೇಳಿಸಿಕೊಂಡಿದ್ದೆ ತಂಗಿ. ತಪ್ಪು ನನ್ನದು. ಟೀಚರ್ ಅವರಲ್ಲಿ ನನ್ನ ಬಿನ್ನಹ: ಇನ್ನೂ ಯಾರ ಮನೆಗೂ ಒಂದು ಪ್ರತಿಯೂ ಹೋಗದಿರಲಿ. ಮಕ್ಕಳು ನಾಳೆ ಶಾಲೆಯಲ್ಲಿ ಪೆನ್ನು ಹಿಡಿದು ಕೂಡಲಿ, ನಾನೂ ಬಂದು ಕೂಡುತ್ತೇನೆ. ಮೂವತ್ತೊಂದನೆಯ ಪುಟದಲ್ಲಿ ನಾನು ಹೇಳಿದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಅಕ್ಕ ಹೇಳಿದ್ದನ್ನು ಬರೆಯೋಣ. ಹೊಡೆದದ್ದೂ ಕಾಣುವ ಹಾಗಿರಲಿ. ಹೀಗೂ ಒಬ್ಬ ಹೇಳಿದ್ದ ಎಂದು ಮುಂದಿನವರಿಗೆ ತಿಳಿಯಲಿ.

ಕೊನೆಯ ಸಾಲಿನ ನನ್ನ ಅಣ್ಣತಮ್ಮಂದಿರೇ, ಅಂಜಪ್ಪನವರ ಮೊಮ್ಮಕ್ಕಳೇ, ಬರುವ ವರ್ಷ ಹಾಡನ್ನು ನನಗೆ ಕೊಡುತ್ತೀರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು. ಸುಳ್ಳು ಆಣೆ ತಪ್ಪಲ್ಲ ಎಂದು ನಾನು ವಾದಿಸುವುದಿಲ್ಲ. ಅವಳೂ ವಾದಿಸಲಿಲ್ಲ. ತಪ್ಪು ಮಾಡಿದವರ ಹೆಸರು ಆ ಹಾಡಿನಲ್ಲಿ ಬೇಕಾದಷ್ಟಿವೆ, ನಿಮಗೂ ಗೊತ್ತು. ಗುಡಿ ಇಲ್ಲಿಂದ ದೂರ ಇದೆ, ಭಂಡಾರ ನನ್ನ ಕೈಯಲ್ಲಿಲ್ಲ. ಇರುವುದು ಬಾಯಿ ಒಂದೇ. ಸಭಿಕರ ಅಪ್ಪಣೆ ಇದ್ದರೆ ಹಾಡಿನ ಒಂದು ತುಂಡನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ.

ಹಟ್ಟಿ ಕಟ್ಟಿದ ಮಾಳಪ್ಪ, ಮಾಳಪ್ಪನ ಕೈಹಿಡಿದ ಸಂಗಮ್ಮ.
ಬಾವಿ ತೋಡಿದ ಪೋಚಪ್ಪ, ಪೋಚಪ್ಪನ ಕೈಹಿಡಿದ ನಾಗಮ್ಮ.
ತೋಳ ಹೊಡೆದ ಕಿಷ್ಟಪ್ಪ, ಕಿಷ್ಟಪ್ಪನ ಕೈಹಿಡಿದ ಬೀರಮ್ಮ.
ಬೀರಮ್ಮ.

ಇಷ್ಟು ಹೊತ್ತು ಎದ್ದು ಹೋಗದೆ ಕುಳಿತ ನಿಮ್ಮೆಲ್ಲರಿಗೂ, ಕೈಗಡಿಯಾರ ನೋಡದ ಅಧ್ಯಕ್ಷರಿಗೂ, ಸಾಯುವ ಮುನ್ನ ಕೇಳಿದ ಮಕ್ಕಳಿಗೂ ನಾನು ಋಣಿ. ಲಾಲಬಿ ಅಕ್ಕ, ಅಳಬ್ಯಾಡ. ನಮಸ್ಕಾರ.