ಗೆರೆ ಸವೆದ ಬೆರಳು

ಕೋರ್ಟಿನ ಹೊರಗಿನ ಬೆಂಚಿನಲ್ಲಿ ಕೂತ ಟೈಪಿಸ್ಟಮ್ಮನಿಗೆ, ಪಕ್ಕದ ಗಾರೆ ಮೇಸ್ತ್ರಿಯೂ ಅವನ ವಕೀಲೆಯೂ ಆಡುತ್ತಿದ್ದ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಫೋನ್ ತೆಗೆಯೋಕೆ ಬೆರಳು ಒತ್ತು ಅಂದ್ರು ಪೊಲೀಸರು. ಹತ್ತೂ ಒತ್ತಿದೆ ಮೇಡಂ.”

“ತೆಗೀತಾ?”

“ಎಲ್ಲಿಂದ ತೆಗೆಯುತ್ತೆ! ಇಪ್ಪತ್ತು ವರ್ಷ ಸಿಮೆಂಟ್ ಕಲಸಿ ಗೆರೆಯೆಲ್ಲ ಸವೆದುಹೋಗಿದೆ. ಈಗ ಪಾಸ್‌ವರ್ಡ್ ಹೇಳು ಅಂತ ಪ್ರಾಣ ತಿಂತಿದಾರೆ.”

“ಬಾಯಿ ಬಿಡಬೇಡ. ನಿನ್ನ ವಿರುದ್ಧ ನೀನೇ ಸಾಕ್ಷಿ ಹೇಳು ಅಂತ ಬಲವಂತ ಮಾಡೋ ಹಾಗಿಲ್ಲ. ಇವತ್ತು ಅದನ್ನೇ ವಾದಿಸ್ತೀನಿ.”

“ಮುಷ್ಕರಕ್ಕೆ ಬಂದ ನಲವತ್ತು ಜನರ ಹೆಸರಿದೆ ಅದರಲ್ಲಿ. ಸತ್ರೂ ಬಾಯಿ ಬಿಡಲ್ಲ.”

“ಪಾಸ್‌ವರ್ಡ್ ನಿಂಗೆ ನೆನಪಿದೆ ತಾನೇ? ಏನದು?”

ಮೇಸ್ತ್ರಿ ಮೀಸೆಯಡಿಯಲ್ಲೇ ನಕ್ಕ.

“ಬಾಯಿ ಬಿಡಬೇಡ ಅಂದೋರು ನೀವೇ ಅಲ್ವಾ ಮೇಡಂ?”

ಒಳಗಿನಿಂದ ಕೂಗು ಬಂತು. ಇಬ್ಬರೂ ಗಂಭೀರವಾಗಿ ಎದ್ದು ಹೋದರು. ನಗು ನುಂಗುವ ಕಷ್ಟ ಟೈಪಿಸ್ಟಮ್ಮನ ಪಾಲಿಗೆ ಉಳಿಯಿತು.