ಮೂವತ್ತೆಂಟನೇ ಲಾಟ್

...ಆ ಸ್ಟೂಲ್ ಬೇಡ, ಅದರ ಒಂದು ಕಾಲು ಕುಂಟು. ಈ ಕಡೆ ಕೂತ್ಕೋ. ಕೂರಲ್ವಾ? ಸರಿ, ನಿಂತೇ ಇರು. ಆ ರೈಫಲ್ ಪೆಟ್ಟಿಗೆನಾದ್ರೂ ಕೆಳಗಿಡೇ, ಹೆಗಲು ಬಿದ್ದುಹೋಗುತ್ತೆ.

ಅಂದ್ರೆ ಈಗ ತಪ್ಪೆಲ್ಲ ಗುಂಡಿಂದು! ಅಲ್ವಾ? ಭಾನುವಾರ ಆಯ್ಕೆ ಪಂದ್ಯದಲ್ಲಿ ಒಂದೇ ಒಂದು ಪಾಯಿಂಟಿಗೆ ತಂಡದಿಂದ ಹೊರಗೆ ಬಿದ್ದೆ. ಇವತ್ತು ಬುಧವಾರ ತೋಟಾ ಡಬ್ಬಿ ತಂದು ನನ್ನ ಮೇಜಿನ ಮೇಲೆ ಕುಕ್ಕಿದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ... ಯಾಕೆ ನಗ್ತೀಯ? ನಗೋ ಮಾತಾ ಇದು? ಈ ಕಾರ್ಖಾನೇಲಿ ದಿನಕ್ಕೆ ಲಕ್ಷಗಟ್ಟಲೆ ತೋಟಾ ಆಗುತ್ತೆ. ಎಲ್ಲಾ ಡೊಂಕಾ?

ಇಪ್ಪತ್ತಾರು ವರ್ಷ, ಗುಬ್ಬಿ. ಇಪ್ಪತ್ತಾರು ವರ್ಷದಿಂದ ತೋಟಾ ಹೊಡೆದು ನೋಡ್ತಾ ಈ ಸುರಂಗದ ಬಾಯಲ್ಲಿ ಕೂತಿದ್ದೀನಿ. ಐವತ್ತು ಮೀಟರ್ ಆಚೆ ಒಂದು ಬಲ್ಬು, ಅದರ ಕೆಳಗೆ ಒಂದು ಹಾಳೆ. ಇಷ್ಟೇ ನನ್ನ ಪ್ರಪಂಚ. ನಿನಗೆ ಗೊತ್ತಿಲ್ವಾ? ದೊಡ್ಡ ತೋಟಾ ಆದ್ರೆ ಜನ ಖಾಲಿ ಚಿಪ್ಪಿಗೆ ಮತ್ತೆ ಮದ್ದು ತುಂಬ್ಕೋತಾರೆ, ತಮಗೆ ಬೇಕಾದ ಹಾಗೆ ಮಾಡ್ಕೋತಾರೆ. ನಿನ್ನದು ಹಾಗಲ್ಲ. ಇದಕ್ಕೆ ಕಿಡಿ ಹೊತ್ತೋ ಮದ್ದು ಇರೋದೇ ತಳದ ಅಂಚಿನ ಒಳಗೆ. ಅಂಚಿಗೆ ಒಂದು ಏಟು ಬಿತ್ತು ಅಂದ್ರೆ ಅದರ ಆಯುಸ್ಸು ಮುಗೀತು. ನಾವು ಕೊಟ್ಟಿದ್ದೇ ನಿಮಗೆ ಗತಿ. ಒಂದೇ ಮಿಷಿನ್ನು, ಒಂದೇ ಸೀಸ, ಒಂದೇ ಮೇಣ. ಆದರೂ ಬೆಳಿಗ್ಗೆ ಮಾಡಿದ ಲಾಟೇ ಬೇರೆ, ಮಧ್ಯಾಹ್ನದ್ದೇ ಬೇರೆ. ಒಂದೇ ತಾಯಿ ಮಕ್ಕಳ ಥರ! ಯಾವ ಬ್ಯಾರಲ್‌ಗೆ ಯಾವ ಲಾಟ್ ಒಗ್ಗುತ್ತೆ ಅನ್ನೋದು ನಮ್ಮ ಮ್ಯಾನೇಜರ್‌ಗೂ ಗೊತ್ತಿಲ್ಲ. ಹೊಡೆದೇ ನೋಡ್ಬೇಕು.

ನೋಡಲಿಲ್ವಾ ನಾನು? ಪಂದ್ಯಕ್ಕೆ ಮುಂಚಿನ ಸೋಮವಾರ ಬಂದು ರೈಫಲ್ ಇಲ್ಲಿಟ್ಟು ಹೋದೆ. "ಚಿಕ್ಕಪ್ಪಾ, ಜೂನಿಯರ್ ತಂಡಕ್ಕೆ ನನಗಿದೇ ಕೊನೇ ವರ್ಷ, ನೀನೇ ಆರಿಸಿಕೊಡು" ಅಂದೆ. ಹನ್ನೊಂದು ಲಾಟ್! ಒಂದೊಂದರಲ್ಲಿ ಹತ್ತು ಗುಂಡು. ಊಟಕ್ಕೂ ಏಳಲಿಲ್ಲ. ನಲವತ್ತೊಂದನೇ ಲಾಟ್ ಒಗ್ಗಿತು, ಐದು ಡಬ್ಬಿ ಕೊಟ್ಟೆ, ಜೊತೆಗೆ ಟೆಸ್ಟ್ ಹಾಳೆ ಕೊಟ್ಟೆ. ಹಾಳೇಲಿ ನಂಬರ್ ಇದೆ, ನನ್ನ ಸಹಿ ಇದೆ. ಇನ್ನೇನು ಬೇಕು?

ಹಾಗೆ ನೋಡ್ಬೇಡ.

ಸರಿ, ನಾನೂ ಒಂದು ಕೇಳ್ತೀನಿ. ಬೇಡ ಅಂದ್ಕೊಂಡಿದ್ದೆ, ನೀನೇ ಬಾಯಿ ಬಿಡಿಸಿದೆ. ಪಂದ್ಯಕ್ಕೆ ಮುಂಚಿನ ಮಂಗಳವಾರದ ಪತ್ರಿಕೇಲಿ ನಿನ್ನ ಫೋಟೋ. ಅರ್ಧ ಪುಟ! ಗೇಟಿನವನು ಓಡಿ ಬಂದು ತೋರಿಸಿದ, "ನಿಮ್ಮ ಅಣ್ಣನ ಮಗಳಲ್ವಾ ಸಾರ್" ಅಂತ. ಕನ್ನಡಕ ಹುಡುಕಿ ಹಾಕ್ಕೊಂಡು ಓದಿದೆ. "ನನಗೆ ಬಂದೂಕು ಹಿಡಿಯೋದು ಕಲಿಸಿದ್ದು ನಮ್ಮ ಕೋಚ್." ಓದಿದೆ. ಮತ್ತೆ ಓದಿದೆ. ಎಲ್ಲಾದ್ರೂ ಕೆಳಗೆ, ಕೊನೇ ಸಾಲಲ್ಲಿ, ಮೂಲೇಲಿ... ಇಲ್ಲ. ಆ ಕೋಚ್ ಹತ್ರ ನೀನು ಹೋಗಿ ಮೂರು ವರ್ಷ. ಅದಕ್ಕೆ ಮುಂಚಿನ ಎಂಟು ವರ್ಷ ಎಲ್ಲಿಗೆ ಹೋಯ್ತೇ?

ಪತ್ರಿಕೆಯವರು ಕತ್ತರಿಸಿದ್ರು ಅಂತ ನಿಮ್ಮಮ್ಮ ಹೇಳ್ತಾಳೆ. ಹ್ಞಾಂ, ಕತ್ತರಿ ಅವರ ಕೈಲೇ ಇರುತ್ತಲ್ಲ!

ಅಣ್ಣ ಹೋದಾಗ ನಿನಗೆ ಒಂಬತ್ತು. ನಿಮ್ಮಮ್ಮನಿಗೆ ಆಸ್ಪತ್ರೆ ಡ್ಯೂಟಿ. ಪ್ರತಿ ಶನಿವಾರ ಮ್ಯಾನೇಜರ್ ಕೈಕಾಲು ಹಿಡಿದು ನಿನ್ನನ್ನ ಒಳಗೆ ಕರ್ಕೊಂಡು ಬರ್ತಿದ್ದೆ. ಕಿವಿಗೆ ಹಾಕೋ ಮಫ್ ನಿನ್ನ ತಲೆಗೆ ದೊಡ್ಡದು, ಜಾರಿ ಕತ್ತಿಗೆ ಬೀಳೋದು. ನನ್ನ ಹಳೇ ಬನಿಯನ್ ಹರಿದು ಅದರೊಳಗೆ ತುರುಕಿ ಕೊಟ್ಟೆ. "ಉಸಿರು ಅರ್ಧ ಬಿಡು, ಉಳಿದರ್ಧ ಹಿಡಿ, ಆಮೇಲೆ ಬೆರಳು" ಅಂತ ಹೇಳಿದ್ದು ಯಾರು? ಆ ಕೋಚಾ? ಹೊಟ್ಟೆ ಉರಿಯುತ್ತೆ ಗುಬ್ಬಿ, ಸುಳ್ಳು ಯಾಕೆ ಹೇಳ್ಲಿ. ಹತ್ತಿದ ಮೇಲೆ ಏಣಿ ಒದ್ದೆ ನೀನು. ಸ್ವಂತ ಮಕ್ಕಳಿದ್ದು ಅವರು ಹೀಗೆ ಮಾಡಿದ್ರೂ ನನಗೆ ಇಷ್ಟು ನೋವಾಗ್ತಿರಲಿಲ್ಲ.

 

...ಯಾಕೆ ಪೆಟ್ಟಿಗೆ ತೆಗೀತಿದ್ದೀಯ? ಈಗ ಊಟದ ಹೊತ್ತು, ಮಿಷಿನ್‌ಗಳೆಲ್ಲ ನಿಂತಿವೆ... ಬೇಡ, ರೈಫಲ್ ಬಿಗಿಯೋ ಆ ವೈಸ್‌ಗೆ ಕೈ ಹಾಕ್ಬೇಡ. ಗೆರೆಗೆ ಗೆರೆ ಸರಿಯಾಗಿ ಕೂರಿಸ್ತೀಯ, ಪರವಾಗಿಲ್ಲ, ಕಲಿಸಿದ್ದು ನೆನಪಿದೆ. ನಲವತ್ತೊಂದೇ ಹೊಡೀತೀಯಾ? ಹೊಡಿ, ನನಗೇನು.

ಹೂಂ... ಎಂಟು... ಒಂಬತ್ತು... ಆಯ್ತಾ? ಚಕ್ರ ತಿರುಗಿಸು, ಹಾಳೆ ಈ ಕಡೆ ಬರಲಿ.

ಸ್ವಲ್ಪ ಹರಡಿವೆ. ಹೌದು. ಸ್ವಲ್ಪ ಅಲ್ಲ... ವೈಸ್ ಸಡಿಲ ಇರಬೇಕು, ನಿನ್ನೆಯಿಂದ ಬೋಲ್ಟ್ ಅಲ್ಲಾಡ್ತಿತ್ತು. ಚಳಿಗೆ ಗುಂಡಿನ ಮೇಲಿನ ಮೇಣ ಗಟ್ಟಿಯಾಗುತ್ತೆ. ಇಲ್ಲಾಂದ್ರೆ ನಿನ್ನ ಬ್ಯಾರಲ್ ಸರಿಯಾಗಿ ಒರೆಸಿಲ್ಲ... ಕಾರಣ ಸಾವಿರ ಇರುತ್ತೆ ಕಣೇ!

ಅದೇನು ಚೀಲದಲ್ಲಿ? ಇನ್ನೊಂದು ಡಬ್ಬಿ? ಯಾವ ಲಾಟು?

ಮೂವತ್ತೆಂಟು ಎಲ್ಲಿ ಸಿಕ್ತು ನಿನಗೆ?

ಸ್ಟೋರಿನವನು ಕೊಟ್ಟನಾ? ಅವನ ಬಾಯಿಗೆ ಬೀಗ ಇಲ್ಲ. ಮೂವತ್ತೆಂಟು ನಿನ್ನ ಬ್ಯಾರಲ್‌ಗೆ ಒಗ್ಗಲೇ ಇಲ್ಲ. ಅವತ್ತೇ ನೋಡಿದೆ, ಪಕ್ಕಕ್ಕಿಟ್ಟೆ. ಡಬ್ಬಿ ಮೇಲೆ ಏನು... "ಗುಬ್ಬಿ" ಅಂತ ಇದ್ರೆ? ಊರಲ್ಲಿ ನೀನೊಬ್ಬಳೇನಾ ಗುಬ್ಬಿ! ಅದು ನನ್ನ ಅಕ್ಷರ ಅಲ್ಲ. ಅಲ್ಲ ಅಂದ್ನಲ್ಲ. ನಾನು ಬ ಬರೆಯೋದು ಹೀಗಲ್ಲ.

ಬೇಡ. ಅದನ್ನ ಹೊಡೀಬೇಡ. ಸಾಕು, ಸೈರನ್ ಆಗೋ ಹೊತ್ತಾಯ್ತು, ಜನ ಬರ್ತಾರೆ. ಮಫ್ ತೆಗಿ, ನನ್ನ ಮಾತು ಕೇಳು... ಗುಬ್ಬಿ... ಚಿಕ್ಕಪ್ಪ ಹೇಳ್ತಿರೋದು...

...

ಹತ್ತೂ ಆಯ್ತಾ.

ಚಕ್ರ ತಿರುಗಿಸ್ಬೇಡ. ಅಲ್ಲೇ ಇರಲಿ ಅದು. ದುರ್ಬೀನಲ್ಲಿ ತೂತು ಇಲ್ಲಿಗೇ ಕಾಣುತ್ತೆ. ಒಂದೇ ತೂತು, ಹತ್ತು ಗುಂಡಿಗೆ, ಎಡಕ್ಕೆ ಒಂದು ಚಿಕ್ಕ ಬಾಲ. ಇಪ್ಪತ್ತಾರು ವರ್ಷದಲ್ಲಿ ಅಂಥದ್ದು ನಾಕೋ ಐದೋ ನೋಡಿರಬಹುದು.

ತಿರುಗಿಸೇ ಬಿಟ್ಟೆಯಲ್ಲ, ಹಾಳೆ ಬಂತು. ಚೀಲದಲ್ಲಿ ಮತ್ತೇನು? ಅವತ್ತು ನಾನು ಕೊಟ್ಟ ಟೆಸ್ಟ್ ಹಾಳೆ. ಜೋಪಾನವಾಗಿ ಇಟ್ಕೊಂಡಿದ್ದೀಯ. ಅದನ್ನ ಇದರ ಮೇಲೆ ಯಾಕೆ ಇಡ್ತೀಯ? ಮೊಳೆ ತೂತಿಗೆ ಮೊಳೆ ತೂತು ಸರಿ ಮಾಡಿ... ಮೇಜಿನ ಬಲ್ಬಿಗೆ ಹಿಡೀಬೇಡ... ಬೇಡ ಮಗಳೇ...

ಬೆಳಕು ಬರ್ತಿದೆ.

ಎರಡು ಹಾಳೆ ದಾಟಿ ಬರ್ತಿದೆ. ಎಡಗಡೆ ಆ ಚಿಕ್ಕ ಬಾಲ ಸಮೇತ.

ಹಾಗೇ ಹಿಡ್ಕೊಂಡು ನಿಂತ್ಕೋಬೇಡ. ಕೈ ಇಳಿಸು. ಒಂದು ಮಾತಾದ್ರೂ ಬೈಯಿ, ಆಗ ನಾನೂ ತಿರುಗಿ ಬೈತೀನಿ, ಜಗಳ ಆಗುತ್ತೆ, ಮುಗಿಯುತ್ತೆ. 

...ಮೂವತ್ತೆಂಟು ಸೋಮವಾರವೇ ಸಿಕ್ಕಿತ್ತು. ಸಾಯಂಕಾಲ ಐದಕ್ಕೆ. ನೋಡಿ ಒಬ್ಬನೇ ಚಪ್ಪಾಳೆ ತಟ್ಟಿದೆ, ಹುಚ್ಚನ ಹಾಗೆ. ಐದು ಡಬ್ಬಿ ಎತ್ತಿಟ್ಟು ಒಂದೊಂದರ ಮೇಲೂ ನಿನ್ನ ಹೆಸರು ಬರೆದೆ. ನನ್ನ ಅಕ್ಷರವೇ. ಹಾಳೆಗೆ ನಂಬರ್ ಹಾಕೋದು ಮಾತ್ರ ಬಾಕಿ ಇತ್ತು.

ಮಾರನೇ ಬೆಳಿಗ್ಗೆ ಪತ್ರಿಕೆ ಬಂತು.

ಪೆನ್ನು ಕೈಲಿತ್ತು. ಮೂವತ್ತೆಂಟರ ಹಾಳೆ ಮೇಲೆ ನಲವತ್ತೊಂದು ಅಂತ ಬರೆದೆ. ಅಷ್ಟೇ. ಎರಡು ಅಂಕಿ.

ನೀನು ಸೋಲ್ಲಿ ಅಂತಲ್ಲ... ಅಲ್ಲ, ಸೋಲ್ಲಿ ಅಂತಲೇ. ಗೆದ್ರೆ ಆ ಕೋಚ್ ಕಾಲು ಮುಟ್ತೀಯ. ಸೋತ್ರೆ ಹಳೇ ಥರ "ಚಿಕ್ಕಪ್ಪಾ, ಏನು ತಪ್ಪಾಯ್ತು ನೋಡು" ಅಂತ ಈ ರೂಮಿಗೆ ಬರ್ತೀಯ ಅಂದ್ಕೊಂಡೆ.

ಬಂದೆಯಲ್ಲ.

ಪೆಟ್ಟಿಗೆ ಮುಚ್ಬೇಡ. ಮುಂದಿನ ವರ್ಷ... ಹೌದು, ಮುಂದಿನ ವರ್ಷ ಇಲ್ಲ ನಿನಗೆ. ಗೊತ್ತು. ಗೊತ್ತಿದ್ದೇ ಬರೆದೆ.

ಆ ಮಫ್ ಯಾಕೆ ಮೇಜಿನ ಮೇಲೆ ಬಿಟ್ಟು ಹೋಗ್ತೀಯ? ಅದು ನಿಂದು. ಇವತ್ತಿಗೂ ಅದನ್ನೇ ಹಾಕ್ಕೋತೀಯಾ, ಆ ಬನಿಯನ್ ಬಟ್ಟೆ ಇನ್ನೂ ಒಳಗೇ ಇದೆ... ಗುಬ್ಬಿ... ಪಂದ್ಯದಲ್ಲೂ ಇದನ್ನೇ ಹಾಕ್ಕೊಂಡಿದ್ಯಾ?