ಬದಿಗೆ ಬಿಟ್ಟ ನೀರು

ಸಭೆಯ ಅಧ್ಯಕ್ಷೆ ಶ್ರೀಮತಿ ಹೇಮಲತಾ ಅವರೇ, ಮುಖ್ಯ ಅತಿಥಿಗಳೂ ನಮ್ಮ ಕಂಪನಿಯ ಹಿರಿಯ ಅಧಿಕಾರಿಗಳೂ ಆದ ಶ್ರೀ ರಾಮಸ್ವಾಮಿ ಅವರೇ, ನನ್ನಂಥವನನ್ನೂ ಸನ್ಮಾನಕ್ಕೆ ಆರಿಸಿದ ಸಮಿತಿಯವರೇ, ಕಾರಿನಲ್ಲಿ ಬಂದು ಬಾಗಿಲಲ್ಲೇ ಇಳಿದ ಸಭಿಕರೇ, ಮತ್ತು ಮೆಟ್ರೋ ಇಳಿದು, ಮರಳಿನಲ್ಲಿ ಕಾಲೆಳೆದುಕೊಂಡು ಬಂದು, ಚಪ್ಪಲಿ ಕೊಡವಿ ಹಿಂದಿನ ಸಾಲಿನಲ್ಲಿ ಕುಳಿತಿರುವ ಸಭಿಕರೇ,

ಸಭಿಕರನ್ನು ಎರಡು ಸಲ ಕರೆದೆ. ಬಾಯಿ ತಪ್ಪಿ ಅಲ್ಲ. ಕಾರಣ ಉಂಟು, ಹೇಳುತ್ತೇನೆ.

ಮೊದಲು ಈ ಮೈಕನ್ನು ಸ್ವಲ್ಪ ಆಚೆ ಸರಿಸುತ್ತೇನೆ. ಶಿರ್ವದ ಚರ್ಚ್ ಹಬ್ಬದ ನಾಟಕಗಳಲ್ಲಿ ಹನ್ನೊಂದು ವರ್ಷ ರಾಜನ ಪಾತ್ರ ಮಾಡಿದವನು ನಾನು. ಮೈಕ್ ಕೈಕೊಟ್ಟರೂ ನಾಟಕ ನಿಲ್ಲುತ್ತಿರಲಿಲ್ಲ. ನಮ್ಮ ನಿರ್ದೇಶಕರು ಹೇಳುತ್ತಿದ್ದರು, "ಜೇಕಬ್, ಗೇಟಿನಾಚೆ ಕಡಲೆ ಮಾರುವವನಿಗೂ ನಿನ್ನ ದುಃಖ ಕೇಳಬೇಕು." ಅಂದಿನಿಂದ ನನಗೆ ಮೆಲ್ಲಗೆ ದುಃಖಪಡಲು ಬರುವುದಿಲ್ಲ. ಮೆಲ್ಲಗೆ ಸಿಟ್ಟಾಗಲಂತೂ ಬರುವುದೇ ಇಲ್ಲ. ಇವತ್ತು ನನಗೆ ಸಿಟ್ಟು ಬಂದಿದೆ.

ಈಗಷ್ಟೇ ಸನ್ಮಾನ ಪತ್ರ ಓದಿದಿರಿ. "ಇಪ್ಪತ್ತಾರು ವರ್ಷ ದೋಹಾದ ಮಳೆನೀರಿನೊಡನೆ ಹೋರಾಡಿದವರು, ಕಳೆದ ಜನವರಿಯ ಮಳೆಯಲ್ಲಿ ಅಲ್ ಅಜೀಜಿಯಾದ ಎಲ್ಲ ರಸ್ತೆಗಳನ್ನೂ ಆರೇ ಗಂಟೆಯಲ್ಲಿ ತೆರವುಗೊಳಿಸಿದವರು, ಒಬ್ಬರಿಗೂ ಗಾಯವಾಗದಂತೆ ನೋಡಿಕೊಂಡವರು." ಚಪ್ಪಾಳೆ ಬಿತ್ತು. ಪತ್ರ ಬರೆದವರ ತಪ್ಪಲ್ಲ. ಕಂಪನಿಯ ದಾಖಲೆಯಲ್ಲಿ ಇರುವುದನ್ನೇ ಅವರು ಬರೆದಿದ್ದಾರೆ. ದಾಖಲೆಯಲ್ಲಿ ಹಾಗೇಕಿದೆ? ಅದನ್ನು ಹೇಳದೆ ಈ ವೇದಿಕೆಯಿಂದ ಇಳಿದರೆ ನಾನು ಮನುಷ್ಯನಲ್ಲ.

ಇಲ್ಲಿ ಮಳೆ ಎಂದರೇನು ಎಂದು ನಿಮಗೆ ಗೊತ್ತು. ಚಳಿಗಾಲದಲ್ಲಿ ನಾಲ್ಕು ಸಲ ಬಂದರೆ ಹೆಚ್ಚು. ಆದರೆ ಬಂದರೆ ನೀರಿಗೆ ಹೋಗಲು ದಾರಿಯಿಲ್ಲ, ಬಿದ್ದಲ್ಲೇ ನಿಲ್ಲುತ್ತದೆ. ಆಗ ಪಂಪು ಕಟ್ಟಿದ ಟ್ಯಾಂಕರುಗಳು ಹೋಗಿ ನೀರು ಹೀರಬೇಕು. ಯಾವ ಟ್ಯಾಂಕರ್ ಎಲ್ಲಿಗೆ ಮೊದಲು ಹೋಗಬೇಕು? ಅದನ್ನು ಹೇಳುವವನು ಡ್ಯೂಟಿ ಆಫೀಸರ್. ನಮ್ಮ ಕಂಟ್ರೋಲ್ ರೂಮಿನಲ್ಲಿ ಆ ಕುರ್ಚಿಯಲ್ಲಿ ಕುಳಿತವನು ನಾನು. ಕಿರೀಟ ಇರಲಿಲ್ಲ, ತಲೆಗೆ ಹೆಡ್‌ಫೋನ್ ಇತ್ತು, ಅಷ್ಟೇ ವ್ಯತ್ಯಾಸ.

ಕೈಯಲ್ಲಿ ಒಂದು ಪಟ್ಟಿ. ಒಂದನೆಯದು, ಹೆದ್ದಾರಿ ಮತ್ತು ಅಂಡರ್‌ಪಾಸ್. ಎರಡನೆಯದು, ವೆಸ್ಟ್ ಬೇಯಂಥ ಕಡೆ ಆಫೀಸುಗಳ ಎದುರಿನ ರಸ್ತೆ. ಮೂರನೆಯದು, ವಿಲ್ಲಾಗಳ ಒಳರಸ್ತೆ. ನಾಲ್ಕನೆಯದು, 'ಇತರೆ'. ಈ ಇತರೆ ಎಂಬ ಪದದ ಹೊಟ್ಟೆ ಎಷ್ಟು ದೊಡ್ಡದು ಗೊತ್ತೇ? ಅದರೊಳಗೆ ಫುಟ್‌ಪಾತ್ ಇದೆ, ಬಸ್ ಸ್ಟಾಪ್ ಇದೆ, ಸೈಕಲ್ ದಾರಿ ಇದೆ. ಅಗೋ ಅಲ್ಲಿ ಕುಳಿತ ನಮ್ಮ ಲೆಸ್ಲಿ ಶುಕ್ರವಾರ ಬೆಳಿಗ್ಗೆ ಹೆಲ್ಮೆಟ್ ಹಾಕಿ ಹೊಟ್ಟೆ ಕರಗಿಸಲು ತುಳಿಯುವ ಸೈಕಲ್ ಅಲ್ಲ ಸ್ವಾಮಿ. ಕೆಫೆಟೀರಿಯಾದಲ್ಲಿ ಪರೋಟ ಲಟ್ಟಿಸುವವನು ದಿನಾ ಕೆಲಸಕ್ಕೆ ತುಳಿದುಕೊಂಡು ಬರುವ ಸೈಕಲ್. ಕಾರಿಲ್ಲದವರೆಲ್ಲ ಈ ಊರಿನಲ್ಲಿ ಇತರೆ. ನಾಲ್ಕನೆಯ ನಂಬರಿನ ಸರದಿ ಬರುವಷ್ಟರಲ್ಲಿ ಬಿಸಿಲೇ ನೀರು ಕುಡಿದು ಮುಗಿಸಿರುತ್ತದೆ.

ಇಂಥ ಪಟ್ಟಿ ಬರೆದ ಪುಣ್ಯಾತ್ಮ ಯಾರು? ರಾಮಸ್ವಾಮಿ ಸರ್ ನನ್ನನ್ನೇ ನೋಡುತ್ತಿದ್ದಾರೆ. ಸರಿ ಸರ್, ಬರೆದವನು ನಾನು. ಸಹಿ ಹಾಕಿದವರು ನೀವು.

ಜನವರಿಯ ಆ ಬೆಳಿಗ್ಗೆಗೆ ಬರುತ್ತೇನೆ. ಟ್ಯಾಂಕರ್ ತುಂಬಿದರೆ ದೂರ ಹೋಗಿ ಖಾಲಿ ಮಾಡಿ ಬರಬೇಕು, ಅದು ನಿಯಮ. ಆರು ಗಂಟೆಯಲ್ಲಿ ನಕ್ಷೆಯ ಮೇಲೆ ನೀರು ನಿಂತ ರಸ್ತೆಗಳ ಕೆಂಪು ಗೆರೆಗಳೆಲ್ಲ ಹಸಿರಾಗಬೇಕು, ಅದು ಗುತ್ತಿಗೆ. ಈ ಎರಡರ ನಡುವೆ ಸಿಕ್ಕಿಬಿದ್ದವನು ದೇರಳಕಟ್ಟೆಯ ನಮ್ಮ ಜಾಬಿರ್, ಪಂಪ್ ಆಪರೇಟರ್. ಅವನ ಫೋನ್ ಬಂತು.

"ಸರ್, ಟ್ಯಾಂಕರ್ ಫುಲ್ ಆಯ್ತು. ಖಾಲಿ ಮಾಡಿ ಬರ್ಲಿಕ್ಕೆ ಒಂದು ಗಂಟೆ ಬೇಕು. ನೀರು ಎಲ್ಲಿಗೆ ಬಿಡುದು?"

"ಬದಿಗೆ ಬಿಡು."

"ಬದಿಯಲ್ಲಿ ಜನ ನಡೀತಾರಲ್ಲ ಸರ್."

"ಈ ಮಳೆಯಲ್ಲಿ ಯಾರು ನಡೀತಾರೆ ಮಾರಾಯ? ಯಲ್ಲಾ, ಬೇಗ ಬಿಡು."

ಬಿಟ್ಟ. ರಸ್ತೆಯ ನೀರು ಫುಟ್‌ಪಾತಿಗೆ ಏರಿತು. ನನ್ನ ನಕ್ಷೆಯಲ್ಲಿ ಆ ಗೆರೆ ಹಸಿರಾಯಿತು. ಕಾರುಗಳು ಸುಂಯ್ಯನೆ ಹೋದವು. ನೀರು ಹೋಗಿರಲಿಲ್ಲ, ಸಭಿಕರೇ. ಕಾರಿನವರ ಮುಂದಿನಿಂದ ಎತ್ತಿ ಕಾಲಿನವರ ಮುಂದೆ ಸುರಿದಿದ್ದೆವು. ಇದಕ್ಕೆ ತೆರವು ಎಂದು ಹೆಸರು.

ಮುಕ್ಕಾಲು ಗಂಟೆ ಕಳೆದಿಲ್ಲ, ಕಂಟ್ರೋಲ್ ರೂಮಿಗೆ ಯಾರೋ ದಾರಿಹೋಕನ ಕರೆ. ಬಸ್ ಸ್ಟಾಪಿನ ಹತ್ತಿರ ಒಬ್ಬ ಹೆಂಗಸು ಬಿದ್ದಿದ್ದಾಳೆ. ನೀರಿನಡಿಯಲ್ಲಿ ಚಪ್ಪಡಿ ಕಿತ್ತ ಗುಂಡಿ ಇತ್ತು, ಕಾಣಲಿಲ್ಲ, ಕಾಲು ಒಳಗೆ ಹೋಗಿದೆ. ಡ್ಯೂಟಿ ಆಫೀಸರ್ ಏನು ಕೇಳಬೇಕಿತ್ತು? ಉಸಿರಿದೆಯೇ ಎಂದು? ಹೆಸರೇನು ಎಂದು? ಆ ಮನುಷ್ಯ ಕೇಳಿದ್ದು ನಮ್ಮ ಫಾರಂನ ಮೊದಲ ಪ್ರಶ್ನೆ: "ಎಷ್ಟು ವಾಹನ ನಿಂತಿವೆ?"

"ವಾಹನ ಒಂದೂ ಇಲ್ಲ ಸಾಬ್."

"ಆಂಬುಲೆನ್ಸಿಗೆ ಹೇಳಿದ್ದೀರಾ?"

"ಹೇಳಿದೆ."

"ಹಾಗಾದರೆ ಖಲಾಸ್."

ಮತ್ತು ಆತ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ: ಪಾದಚಾರಿಯ ಅಜಾಗರೂಕತೆ, ರಸ್ತೆ ತೆರವಾಗಿದೆ, ದೂರು ಮುಕ್ತಾಯ. ನಲವತ್ತು ಸೆಕೆಂಡು. ಗಾಯ ಎಂಬ ಕಾಲಂನಲ್ಲಿ ಏನನ್ನೂ ಬರೆಯಲಿಲ್ಲ. ಬರೆಯದಿದ್ದರೆ ಯಂತ್ರ ತಾನಾಗಿ ಇಲ್ಲ ಎಂದು ತೆಗೆದುಕೊಳ್ಳುತ್ತದೆ. ಆ ಮನುಷ್ಯನನ್ನು ಏನು ಮಾಡಬೇಕು, ಹೇಳಿ? ಇಲ್ಲಿ ಕುಳಿತ ತಾಯಂದಿರು ಹೇಳಿ. ಯಾವ ಶಿಕ್ಷೆ ಕೊಟ್ಟರೆ ಸಾಕಾದೀತು ಅವನಿಗೆ?

ನೀವು ಅವನಿಗೆ ಈಗಷ್ಟೇ ಶಾಲು ಹೊದಿಸಿದ್ದೀರಿ.

ಕುಳಿತುಕೊಳ್ಳಿ ಹೇಮಲತಾ ಮೇಡಂ, ದಯವಿಟ್ಟು. ಇನ್ನು ಸ್ವಲ್ಪ ಹೊತ್ತು. ನೀರು ಕುಡಿದು ಮುಂದುವರಿಸುತ್ತೇನೆ.

ಮಧ್ಯಾಹ್ನ, ಅಲ್ ಅಜೀಜಿಯಾದಲ್ಲಿ ಅಗಾತಾ ಕೆಲಸ ಮಾಡುವ ದಂತ ಕ್ಲಿನಿಕ್‌ನಿಂದ ಫೋನ್ ಬಂತು, ಅವಳು ಆಸ್ಪತ್ರೆಯಲ್ಲಿದ್ದಾಳೆ ಎಂದು. ಅಗಾತಾ ನನ್ನ ಹೆಂಡತಿ, ಅಲ್ಲಿ ರಿಸೆಪ್ಷನಿಸ್ಟ್. ನಮ್ಮಲ್ಲಿರುವುದು ಒಂದೇ ಕಾರು. ಮಳೆ ಡ್ಯೂಟಿ ಎಂದು ನಾನದನ್ನು ಮುಂಜಾನೆಯೇ ಒಯ್ದಿದ್ದೆ. ಅವಳು ಬಸ್ಸಿನಲ್ಲಿ ಹೊರಟಿದ್ದಳು. ಹೊರಡುವ ಮೊದಲು ನನಗೆ ಫೋನ್ ಕೂಡ ಮಾಡಿದ್ದಳು. "ಆ ಕಡೆ ನೀರು ಉಂಟಾ?" ಎಂದು ಕೇಳಿದಳು. "ಪೂರ್ತಿ ಹಸಿರು" ಎಂದೆ. "ಹಸಿರು ಅಂದ್ರೆ ಕಾರು ಹೋಗುವಲ್ಲಿಯಾ, ನಾವು ನಡೆಯುವಲ್ಲಿಯಾ?" ಎಂದಳು. ಎಂಥ ಪ್ರಶ್ನೆ ನೋಡಿ. ಇಪ್ಪತ್ತಾರು ವರ್ಷದಲ್ಲಿ ನಮ್ಮ ಕಂಪನಿಯ ಒಬ್ಬ ಇಂಜಿನಿಯರೂ ಕೇಳದ ಪ್ರಶ್ನೆ. ನಾನು, "ಅಗಾತಾ, ನನಗೆ ಕೆಲಸ ಉಂಟು" ಎಂದು ಫೋನ್ ಇಟ್ಟೆ.

ಆಸ್ಪತ್ರೆಗೆ ಓಡಿದೆ. ಹಿಮ್ಮಡಿಯ ಮೇಲೆ ಎರಡು ಕಡೆ ಮೂಳೆ ಮುರಿದಿತ್ತು. ನಾನು ಶುರು ಮಾಡಿದೆ, ಆ ಗುಂಡಿ ತೆಗೆದವನು ಯಾರು, ಆ ಗುತ್ತಿಗೆದಾರನನ್ನು ಬಿಡುವುದಿಲ್ಲ ಎಂದೆಲ್ಲ. ವಾರ್ಡಿನ ನರ್ಸು ಬಾಗಿಲು ಮುಚ್ಚಿದಳು. ಎಲ್ಲ ಮುಗಿಯುವ ತನಕ ಕೇಳಿಸಿಕೊಂಡು ಅಗಾತಾ ಹೇಳಿದಳು:

"ಅವನ ಫೋನ್ ಸ್ಪೀಕರಿನಲ್ಲಿ ಇತ್ತು."

"ಯಾರದ್ದು?"

"ನಿಮಗೆ ಫೋನ್ ಮಾಡಿದವನದ್ದು. ಇಪ್ಪತ್ತೊಂಬತ್ತು ವರ್ಷ ಆಯ್ತು ಮದುವೆಯಾಗಿ. ನಿಮ್ಮ ಸ್ವರ ನನಗೆ ಗೊತ್ತಾಗ್ಲಿಕ್ಕಿಲ್ವಾ? ನಾನು ನೀರಿನಲ್ಲಿ ಕೂತಿದ್ದೆ. ಎಷ್ಟು ವಾಹನ ನಿಂತಿವೆ ಅಂತ ನೀವು ಕೇಳಿದ್ರಿ."

ನಾಟಕಗಳಲ್ಲಿ ನಾನು ಸತ್ತಿದ್ದೇನೆ, ಮಗನನ್ನು ಕಳೆದುಕೊಂಡಿದ್ದೇನೆ, ರಾಜ್ಯ ಬಿಟ್ಟು ಕಾಡಿಗೆ ಹೋಗಿದ್ದೇನೆ. ಪ್ರತಿಯೊಂದಕ್ಕೂ ಒಂದು ಮಾತು ಇರುತ್ತಿತ್ತು. ಅವತ್ತು ಹಾಸಿಗೆಯಡಿ ಇದ್ದ ಅವಳ ಒದ್ದೆ ಚಪ್ಪಲಿ ಎತ್ತಿ ಒರೆಸುತ್ತ ಕೂತೆ.

ಮತ್ತೆ ಅವಳು ಏನು ಮಾಡಿದಳು ಗೊತ್ತೇ? ಕ್ಲಿನಿಕ್‌ನವರು ಕೇಳಿದಾಗ, ಮೆಟ್ಟಿಲಿನಿಂದ ಜಾರಿದೆ ಎಂದಳು. ನನ್ನ ಹೆಸರು ಕೆಡಬಾರದೆಂದು. ನಾನು ಸುಮ್ಮನಿದ್ದೆ. ಹತ್ತು ತಿಂಗಳು ಸುಮ್ಮನಿದ್ದೆ, ಈ ಗಂಟಲಿನವನು. ರೋಸ್‌ಮೇರಿ ಬಾಯಿ, ನೀವು ಸೂಪ್ ತಂದುಕೊಟ್ಟು, "ಮೆಟ್ಟಿಲಿಗೆ ರಬ್ಬರ್ ಶೀಟ್ ಹಾಕಿಸಿ ಜೇಕಬ್" ಎಂದು ಬುದ್ಧಿ ಹೇಳಿದಿರಿ. ಹಾಕಿಸುತ್ತೇನೆ ಎಂದೆ. ಅಲ್ ವಕ್ರಾದ ನಮ್ಮ ಮನೆ ನೆಲಮಹಡಿಯಲ್ಲಿದೆ. ಮೆಟ್ಟಿಲೇ ಇಲ್ಲ. ನೀವು ನಾಲ್ಕು ಸಲ ಬಂದಿದ್ದೀರಿ, ಗಮನಿಸಲಿಲ್ಲ. ನಗಬಹುದು, ಪರವಾಗಿಲ್ಲ.

ಮಾರ್ಚ್‌ನಲ್ಲಿ ಮಗಳು ಮೈರಾಳ ಮನೆಗೆ ಹೋದೆವು. ಅವಳಿರುವುದು ಯುರೋಪಿನ ಉತ್ತರ ತುದಿಯ ಒಂದು ಊರಿನಲ್ಲಿ. ಕಿಟಕಿ ತೆರೆದರೆ ನಾಲ್ಕು ಬೆರಳೆತ್ತರ ಹೊಸ ಹಿಮ. ಮೊದಲ ಬೆಳಿಗ್ಗೆ ನೋಡುತ್ತೇನೆ, ಒಂದು ಸಣ್ಣ ಯಂತ್ರ ಬಂದು ಫುಟ್‌ಪಾತಿನ ಹಿಮ ತೆಗೆಯಿತು. ಆಮೇಲೆ ಸೈಕಲ್ ದಾರಿಯದ್ದು. ಆಮೇಲೆ ಬಸ್ ಸ್ಟಾಪಿನದ್ದು. ಕಾರಿನ ರಸ್ತೆ ಹಾಗೆಯೇ ಬೆಳ್ಳಗೆ ಬಿದ್ದಿದೆ. ನನಗೆ ತಡೆಯಲಿಲ್ಲ. "ಎಂತ ಮೂರ್ಖರು ಇವರು? ಇವರ ಡ್ಯೂಟಿ ಆಫೀಸರ್ ಯಾರು?" ಎಂದು ಕೂಗಿದೆ.

ಮೈರಾ ಕಾಫಿ ಕುಡಿಯುತ್ತ ಹೇಳಿದಳು, "ಪಪ್ಪಾ, ಇಷ್ಟು ಹಿಮದ ಮೇಲೆ ಕಾರು ಮೆಲ್ಲ ಹೋಗ್ತದೆ. ಮಗುವಿನ ಗಾಡಿ ದೂಡಿಕೊಂಡು ಹೋಗುವವಳು ಹೇಗೆ ಹೋಗುದು? ಇಲ್ಲಿ ಜಾರಿ ಬಿದ್ದು ಆಸ್ಪತ್ರೆಗೆ ಬರುವವರು ನಡೆಯುವವರೇ. ಅದಕ್ಕೆ ಮೊದಲು ಅವರದ್ದು."

ನಾನು ವಾದಕ್ಕೆ ಇಳಿದೆ. ತಿರುಗಿ ನೋಡಿದರೆ ಅಗಾತಾ ಇಲ್ಲ. ಕೋಲು ಹಿಡಿದು ಒಬ್ಬಳೇ ಹೊರಗೆ ಹೋಗಿದ್ದಾಳೆ. ಎರಡು ತಿಂಗಳಿನಿಂದ ದೋಹಾದಲ್ಲಿ ಹೊಸಲು ದಾಟಲು ನನ್ನ ತೋಳು ಹಿಡಿಯುತ್ತಿದ್ದವಳು, ಆ ಹಿಮದ ಊರಿನಲ್ಲಿ ಬ್ರೆಡ್ಡಿನ ಅಂಗಡಿಯ ತನಕ ನಡೆದು ಹೋಗಿ, ಬ್ರೆಡ್ಡು ತಂದು ಮೇಜಿನ ಮೇಲೆ ಇಟ್ಟಳು. ನನ್ನ ವಾದ ಮುಗಿಯಿತು.

ದೋಹಾಕ್ಕೆ ಮರಳಿ ಬಂದವನೇ ಹೊಸ ಪಟ್ಟಿ ಬರೆದೆ. ಬಸ್ ಸ್ಟಾಪಿನಿಂದ ಶಾಲೆ, ಕ್ಲಿನಿಕ್, ಕಾರ್ಮಿಕರ ಕ್ಯಾಂಪುಗಳಿಗೆ ಹೋಗುವ ಫುಟ್‌ಪಾತುಗಳು ಒಂದನೆಯದಾಗಿ, ಅಂಡರ್‌ಪಾಸಿನ ಜೊತೆಗೆ. ಸೈಕಲ್ ದಾರಿ ಎರಡನೆಯದಾಗಿ. ಬದಿಗೆ ನೀರು ಬಿಡುವುದು ಪೂರ್ತಿ ನಿಷೇಧ. ರಾಮಸ್ವಾಮಿ ಸರ್ ಓದಿದರು. ಒಳ್ಳೆಯವರು, ನನ್ನ ಮೇಲೆ ಒಂದು ದಿನವೂ ಸ್ವರ ಏರಿಸಿದವರಲ್ಲ. ನಕ್ಕರು.

"ಏನ್ರೀ ಜೇಕಬ್, ಮಗಳ ಊರಿನ ಹಿಮ ತಂದು ಇಲ್ಲಿ ಸುರೀತಿದ್ದೀರಲ್ರೀ? ಫುಟ್‌ಪಾತಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದ್ಯಾ? ಲಾಗ್ ತೆಗೀರಿ, ನೋಡೋಣ. ಒಂದು ಕೇಸ್ ತೋರ್ಸಿ, ಸೈನ್ ಮಾಡ್ತೀನಿ."

ದೂರುಗಳ ಲಾಗ್ ತೆಗೆದೆ. ಗಾಯಗೊಂಡ ಪಾದಚಾರಿಗಳು: ಸೊನ್ನೆ. ಅಲ್ಲಿ ಸೊನ್ನೆ ಕೂರಿಸಿದ್ದು ಯಾರು? ನನಗೆ ಕೋಪ ಯಾರ ಮೇಲೆ ಬರಬೇಕಿತ್ತು, ಸಭಿಕರೇ? ನಾನು ಆರು ತಿಂಗಳು ಸರ್ ಮೇಲೆಯೇ ಸಿಟ್ಟಾಗಿ ತಿರುಗಿದೆ. ಅದು ಸುಲಭ.

ನಮ್ಮಲ್ಲಿ ಒಂದು ಕ್ರಮ ಉಂಟು. ಮುಚ್ಚಿದ ದೂರನ್ನು ಮತ್ತೆ ತೆರೆಯುವುದಾದರೆ ಮುಚ್ಚಿದವನೇ ತೆರೆಯಬೇಕು, ಅವನ ಪಾಸ್‌ವರ್ಡಿನಿಂದ. ಬೇರೆಯವರಿಂದ ಆಗುವುದಿಲ್ಲ. ಬರುವ ಗುರುವಾರ ನಾನು ನಿವೃತ್ತ. ಅಂದು ಸಂಜೆ ನನ್ನ ಪಾಸ್‌ವರ್ಡ್ ಸಾಯುತ್ತದೆ. ಆಮೇಲೆ ಆ ಹೆಂಗಸು ಯಾವತ್ತೂ ಬಿದ್ದಿಲ್ಲ. ಈ ಚಳಿಗಾಲಕ್ಕೂ ಹಳೆಯ ಪಟ್ಟಿಯೇ. ಭಾನುವಾರ ಎಂಟು ಗಂಟೆಗೆ ಅದಕ್ಕೆ ಸಹಿ.

ಇಂದು ರಜೆ. ಆದರೂ ಮಧ್ಯಾಹ್ನ ಆಫೀಸಿಗೆ ಹೋಗಿ ಆ ದೂರನ್ನು ತೆರೆದೆ. ಯಂತ್ರವೂ ನಮ್ಮ ಪೈಕಿಯೇ. ವಾಹನ ಸೊನ್ನೆ ಎಂದರೆ ಗಾಯದ ಪುಟಕ್ಕೆ ಹೋಗಲು ಬಿಡುವುದಿಲ್ಲ. ವಾಹನ ಒಂದು ಎಂದು ಹೊಡೆದೆ. ಆ ವಾಹನದ ವಿವರ ಕೇಳಿತು. ಅಗಾತಾ, ಐವತ್ತಾರು ವರ್ಷ, ನಡೆದು ಹೋಗುತ್ತಿದ್ದರು ಎಂದು ಬರೆದೆ. ಕಾರಣ ಕೇಳಿತು. ಫುಟ್‌ಪಾತಿಗೆ ನೀರು ಬಿಡಲು ಹೇಳಿದವನು ನಾನು, ದೂರನ್ನು ತಪ್ಪಾಗಿ ಮುಚ್ಚಿದವನೂ ನಾನು ಎಂದು ಬರೆದು, ಹೆಸರು ಹಾಕಿದೆ. ಜಾಬಿರ್‌ನ ಹೆಸರು ಅದರಲ್ಲಿ ಇಲ್ಲ. ಅವನು ಕೇಳಿದ್ದ, ಬದಿಯಲ್ಲಿ ಜನ ನಡೀತಾರಲ್ಲ ಎಂದು.

ಆದ್ದರಿಂದ ರಾಮಸ್ವಾಮಿ ಸರ್, ನೀವು ಕೇಳಿದ ಒಂದು ಕೇಸ್ ನಿಮ್ಮ ಲಾಗಿನಲ್ಲಿದೆ. ಕಂಪನಿಯ ಗಾಯರಹಿತ ಎಂಬ ಬಿರುದು ಹೋಗುತ್ತದೆ, ನನ್ನ ಕೊನೆಯ ವಾರ ಹೇಗಿರುತ್ತದೋ ಗೊತ್ತಿಲ್ಲ. ನೀವು ಕೊಟ್ಟ ಮಾತಿನಂತೆ ಭಾನುವಾರ ಹೊಸ ಪಟ್ಟಿಗೆ ಸಹಿ ಹಾಕಬೇಕು. ಇನ್ನೂರು ಜನರ ಎದುರು ಕೇಳುತ್ತಿರುವುದು ನಿಮ್ಮನ್ನು ಅವಮಾನಿಸಲು ಅಲ್ಲ. ಕೋಣೆಯೊಳಗೆ ಕೇಳಿದರೆ ನೀವು ನಗುತ್ತೀರಿ, ನೀವು ನಕ್ಕರೆ ನಾನೂ ನಗುತ್ತೇನೆ, ಅದು ನನ್ನ ರೋಗ.

ಮಂಗಳವಾರ ಮಳೆ ಎಂದು ಹವಾಮಾನದವರು ಹೇಳಿದ್ದಾರೆ. ಸಹಿ ಆದರೂ, ಆಗದಿದ್ದರೂ, ಅಂದು ಡ್ಯೂಟಿಯಲ್ಲಿ ನಾನೇ. ಅಗಾತಾ ಅಗೋ ಮೂರನೆಯ ಸಾಲಿನಲ್ಲಿ ಇದ್ದಾಳೆ. ಇಲ್ಲಿ ಏನು ಹೇಳಲಿದ್ದೇನೆ ಎಂದು ಸಂಜೆ ಅವಳಿಗೆ ತಿಳಿಸಿದೆ. "ಸ್ಟೇಜಿನಲ್ಲಿ ಅಳಬೇಡಿ, ನಾಟಕ ಅಂತ ಎಣಿಸ್ತಾರೆ" ಎಂದಳು. ಸರಿ, ಅಳುವುದಿಲ್ಲ. ಮಂಗಳವಾರ ಬೇಗ ಹೊರಡು, ಕಾರಿನಲ್ಲಿ ಬಿಟ್ಟು ಡ್ಯೂಟಿಗೆ ಹೋಗುತ್ತೇನೆ ಎಂದೆ. ಅವಳು ಮತ್ತೆ ಕೆಲಸಕ್ಕೆ ಹೊರಟಂದಿನಿಂದ ದಿನಾ ಬಿಡುವವನು ನಾನೇ.

"ಬೇಡ," ಎಂದಳು. "ನಾನು ಬಸ್ಸಿನಲ್ಲಿ ಹೋಗ್ತೇನೆ. ಸ್ಟಾಪಿನಿಂದ ನಡೆದೇ ಹೋಗ್ತೇನೆ. ನಿಮ್ಮ ಮೊದಲ ಟ್ಯಾಂಕರ್ ಎಲ್ಲಿಗೆ ಹೋಯ್ತು ಅಂತ ನನಗೆ ಅಲ್ಲೇ ಗೊತ್ತಾಗ್ತದಲ್ಲ."

ಕಾರಿನಲ್ಲಿ ಬಂದವರಿಗೂ ನಡೆದು ಬಂದವರಿಗೂ, ಇಷ್ಟು ಹೊತ್ತು ಈ ಗಂಟಲನ್ನು ಸಹಿಸಿಕೊಂಡದ್ದಕ್ಕೆ ಕೃತಜ್ಞತೆಗಳು. ನಮಸ್ಕಾರ.